ಮನೆಯಲ್ಲಿ ತೆರೆಯುವ ಸೈಟ್ ಕಂಪನಿಯಲ್ಲಿ ಏಕೆ ತೆರೆಯುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾವೇರಿ ಕಡೆಯವನು. ಗೋವಾದ ವಾಸ್ಕೋದಲ್ಲಿ ಮನೆ, ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ನಮಗೆ ಪ್ಯಾಕಿಂಗ್ ಸಾಮಾನು ಕೊಡುವವರು ಹೋದ ತಿಂಗಳು ಹೊಸ ಪೋರ್ಟಲ್ ಶುರು ಮಾಡಿದ್ದಾರೆ. ಆರ್ಡರ್, ಚಲನ್ ಎಲ್ಲ ಅದರಲ್ಲೇ. ಮನೆಯ ವೈಫೈನಲ್ಲಿ ಅದು ಸಲೀಸಾಗಿ ತೆರೆಯುತ್ತದೆ. ಕಂಪನಿಯಲ್ಲಿ ಅದೇ ಲ್ಯಾಪ್‌ಟಾಪಿನಲ್ಲಿ 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಎಂದು ಬರುತ್ತದೆ. ಜಿಎಸ್‌ಟಿ ಸೈಟ್, ಜಿಮೇಲ್ ಸರಿಯಾಗಿವೆ. ಗೆಳೆಯನೊಬ್ಬ ವಿಡಿಯೊ ನೋಡಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಹಾಕಿಕೊಟ್ಟ. ಬೇರೆ ಸೈಟುಗಳು ತೆರೆದವು, ಪೋರ್ಟಲ್‌ಗೆ ಮಾತ್ರ ಅದೇ ಎಚ್ಚರಿಕೆ. ಮೇಲಾಗಿ ನಮ್ಮ ಇಆರ್‌ಪಿ (ಸ್ಟಾಕ್, ಲೆಕ್ಕ ಇಡುವ ಕಂಪನಿಯ ಸಾಫ್ಟ್‌ವೇರ್) ಮಾಯವಾಯಿತು. ಈಗ ಮೊದಲ ಸಾಲಿನಲ್ಲಿ ಕಂಪನಿಯ ಡಿಎನ್‌ಎಸ್, ಎರಡನೇ ಸಾಲಿನಲ್ಲಿ 8.8.8.8 ಇಟ್ಟಿದ್ದೇನೆ. ಇಆರ್‌ಪಿ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಗೆಳೆಯ ನನ್ನ ಫೋನಿನಲ್ಲೂ ಪ್ರೈವೇಟ್ ಡಿಎನ್‌ಎಸ್ ಹಾಕಿದ. ಅಂದಿನಿಂದ ಕಂಪನಿಯ ಗೆಸ್ಟ್ ವೈಫೈ ಸೇರಿದರೂ ಇಂಟರ್ನೆಟ್ ಇಲ್ಲ. ಇನ್ನೊಂದು ಮಾತು, ಮಳೆಗಾಲದಲ್ಲಿ ಕೆಲವು ದಿನ ಇಡೀ ಆಫೀಸಿನಲ್ಲಿ ಯಾವ ಸೈಟೂ ತೆರೆಯುವುದಿಲ್ಲ. ಐಟಿಯವರು ಮುಂಬೈ ಹೆಡ್ ಆಫೀಸಿನಲ್ಲಿದ್ದಾರೆ. ದೂರಿನ ಟಿಕೆಟ್ ಹಾಕಿದರೆ 'ನಮ್ಮ ಕಡೆ ಸರಿ ಇದೆ' ಎಂದು ಕ್ಲೋಸ್ ಮಾಡುತ್ತಾರೆ. ಲ್ಯಾಪ್‌ಟಾಪಿಗೆ ವೈರಸ್ ಬಂದಿದೆಯಾ? ವಿಪಿಎನ್ ಹಾಕಿಕೊಂಡರೆ ಸರಿ ಹೋಗುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಇರುವುದು ಒಂದು ತೊಂದರೆಯಲ್ಲ, ನಾಲ್ಕು. ಪೋರ್ಟಲ್‌ನದು ಒಂದು, ಇಆರ್‌ಪಿಯದು ಒಂದು, ಫೋನಿನದು ಒಂದು, ಮಳೆಗಾಲದ್ದು ಒಂದು. ನಾಲ್ಕಕ್ಕೂ ಕಾರಣ ಬೇರೆ, ಸರಿ ಮಾಡಬೇಕಾದವರೂ ಬೇರೆ. ಎರಡನ್ನು ನೀವೇ ಇವತ್ತು ಸರಿ ಮಾಡಿಕೊಳ್ಳಬಹುದು. ಉಳಿದ ಎರಡಕ್ಕೆ ಐಟಿಯವರು ಬೇಕು. ಆದರೆ ಅವರಿಗೆ 'ಸೈಟ್ ಓಪನ್ ಆಗ್ತಿಲ್ಲ' ಎಂದಷ್ಟೇ ಹೇಳಿದರೆ ಅವರು ಮುಂಬೈನಲ್ಲಿ ತಮ್ಮ ಕಂಪ್ಯೂಟರಿನಲ್ಲಿ ಒಂದು ಸಲ ನೋಡಿ, ನೆಟ್ ಇದೆಯಲ್ಲ ಎಂದು ಟಿಕೆಟ್ ಮುಚ್ಚುತ್ತಾರೆ. ನಾನು ಮಡಗಾಂವ್‌ನಲ್ಲಿದ್ದು ಇಲ್ಲಿನ ಕಾರ್ಖಾನೆಗಳ ನೆಟ್‌ವರ್ಕ್ ನೋಡಿಕೊಳ್ಳುವವಳು. ಆ ಕಡೆಯ ಕುರ್ಚಿಯಲ್ಲಿ ಕೂತವರಿಗೆ ಯಾವ ಮಾಹಿತಿ ಬೇಕು ಎಂದು ಗೊತ್ತು. ಅದನ್ನೂ ಹೇಳುತ್ತೇನೆ.

ವೈರಸ್ ಭಯ ಬಿಡಿ. ಅದೇ ಲ್ಯಾಪ್‌ಟಾಪ್ ಮನೆಯಲ್ಲಿ ಅದೇ ಪೋರ್ಟಲ್ ತೆರೆಯುತ್ತಿದೆ. ನೀವು ಬರೆದದ್ದರಲ್ಲಿ ವೈರಸ್ ಕಡೆ ಬೆರಳು ತೋರಿಸುವ ಒಂದು ಗುರುತೂ ಇಲ್ಲ.

ಮೊದಲು ಹೆಸರು ಹುಡುಕುವ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡೋಣ. ನೀವು ಬ್ರೌಸರಿನಲ್ಲಿ ಸೈಟಿನ ಹೆಸರು ಬರೆಯುತ್ತೀರಿ. ಕಂಪ್ಯೂಟರಿಗೆ ಬೇಕಾದದ್ದು ಅಂಕಿಗಳ ವಿಳಾಸ, ಅಂದರೆ ಐಪಿ. ಅದು ಮೊದಲು ತನ್ನ ನೆನಪಿನಲ್ಲಿ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಯಾವ ಸರ್ವರನ್ನು ಕೇಳಬೇಕು ಎಂಬುದನ್ನು ಸಾಮಾನ್ಯವಾಗಿ ನೆಟ್‌ವರ್ಕೇ ತಿಳಿಸುತ್ತದೆ. ಮನೆಯಲ್ಲಿ ನಿಮ್ಮ ರೂಟರ್, ಅದರ ಹಿಂದೆ ಇಂಟರ್ನೆಟ್ ಕೊಡುವ ಕಂಪನಿ. ಕಾರ್ಖಾನೆಯಲ್ಲಿ ಕಂಪನಿಯದೇ ಒಂದು ಸರ್ವರ್. ಆ ಸರ್ವರಿಗೆ ಎರಡು ಕೆಲಸ. ಇಆರ್‌ಪಿ, ಪ್ರಿಂಟರ್, ಹಾಜರಾತಿ ಇಂಥ ಒಳಗಿನ ಹೆಸರುಗಳಿಗೆ ಅದು ತಾನೇ ಉತ್ತರ ಕೊಡುತ್ತದೆ. ಹೊರಗಿನ ಹೆಸರಾದರೆ ಮುಂದೆ ಕೇಳಿ ತಿಳಿದು ನಿಮಗೆ ಹೇಳುತ್ತದೆ, ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ.

ಈ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಅದರ ನಿಯಮಗಳನ್ನು ಬರೆದಿಟ್ಟ ಆರ್‌ಎಫ್‌ಸಿ 1034 ಮತ್ತು 1035 ಎಂಬ ದಾಖಲೆಗಳು ಬಂದದ್ದು 1987ರಲ್ಲಿ. ಇವತ್ತಿಗೂ ತಳಪಾಯ ಅವೇ. ಆಗಿನ ಇಂಟರ್ನೆಟ್ ಚಿಕ್ಕದು, ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡುವ ಯೋಚನೆ ಮಾಡಿರಲಿಲ್ಲ. ಹಾಗಾಗಿ ಪ್ರಶ್ನೆಯೂ ಉತ್ತರವೂ ಪೋರ್ಟ್ 53ರಲ್ಲಿ (ಡಿಎನ್‌ಎಸ್‌ಗೆ ಗೊತ್ತು ಮಾಡಿದ ಬಾಗಿಲಿನ ಸಂಖ್ಯೆ) ತೆರೆದ ಪತ್ರದಂತೆ ಹೋಗುತ್ತವೆ. ದಾರಿಯಲ್ಲಿರುವ ಸಾಧನ ಅದನ್ನು ಓದಬಹುದು, ತಡೆಯಬಹುದು, ತಾನೇ ಉತ್ತರ ಬರೆದು ವಾಪಸ್ ಕಳಿಸಬಹುದು. ನಿರ್ಬಂಧವಿರುವ ನೆಟ್‌ವರ್ಕಿನ ಫೈರ್‌ವಾಲ್ (ಒಳಗೆ ಹೊರಗೆ ಹೋಗುವುದನ್ನು ಕಾಯುವ ಸಾಧನ) ಮಾಡುವುದು ಈ ಮೂರರಲ್ಲಿ ಯಾವುದಾದರೊಂದನ್ನು.

8.8.8.8 ಏಕೆ ಕೆಲಸಕ್ಕೆ ಬರಲಿಲ್ಲ

8.8.8.8 ಹಾಕಿದರೆ ಯಾವ ಸೈಟಾದರೂ ತೆರೆಯುತ್ತದೆ ಎಂಬುದು ನಾನು ಅತಿ ಹೆಚ್ಚು ಕೇಳುವ ತಪ್ಪು ನಂಬಿಕೆ. ಗೂಗಲ್ 2009ರಲ್ಲಿ ಶುರು ಮಾಡಿದ ಈ ಡಿಎನ್‌ಎಸ್ ಸೇವೆ ಚೆನ್ನಾಗಿಯೇ ಇದೆ. ಮನೆಯಲ್ಲಿ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಕೆಟ್ಟಾಗ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಹಾಕಿಕೊಂಡರೆ ಉಪಯೋಗವಿದೆ. ವಿಡಿಯೊ ಮಾಡುವವರು ಮನೆಯ ನೆಟ್‌ವರ್ಕ್ ತಲೆಯಲ್ಲಿಟ್ಟುಕೊಂಡು ಹೇಳುತ್ತಾರೆ. ಕಂಪನಿಯಲ್ಲಿ ಅದೇ ಮದ್ದು ನಡೆಯುವುದಿಲ್ಲ.

ಬಹಳಷ್ಟು ಕಂಪನಿಗಳಲ್ಲಿ ಹೊರಗಡೆ ಡಿಎನ್‌ಎಸ್ ಪ್ರಶ್ನೆ ಕಳಿಸಲು ಅನುಮತಿ ಇರುವುದು ಕಂಪನಿಯ ಸರ್ವರಿಗೆ ಮಾತ್ರ. ನಿಮ್ಮ ಲ್ಯಾಪ್‌ಟಾಪ್ ನೇರವಾಗಿ 8.8.8.8ಗೆ ಕಳಿಸಿದರೆ ಫೈರ್‌ವಾಲ್ ಅದನ್ನು ಸುಮ್ನೆ ಬೀಳಿಸಿಬಿಡುತ್ತದೆ. ಆದರೆ ನಿಮ್ಮಲ್ಲಿ ಬೇರೆ ಸೈಟುಗಳು ತೆರೆದವು. ಪೋರ್ಟಲ್‌ಗೆ ಮಾತ್ರ ಹಳೆಯ ಎಚ್ಚರಿಕೆಯೇ ಬಂತು. ಇದರಿಂದ ನನಗೆ ಬರುವ ಬಲವಾದ ಅನುಮಾನ ಏನೆಂದರೆ, ನಿಮ್ಮ ಪ್ರಶ್ನೆ ಗೂಗಲ್‌ವರೆಗೆ ಹೋಗಿಯೇ ಇಲ್ಲ. ಫೈರ್‌ವಾಲ್ ಅದನ್ನು ಬಾಗಿಲಲ್ಲೇ ಹಿಡಿದು, ತನ್ನದೇ ಉತ್ತರ ಕೊಟ್ಟಿದೆ. ಕಳಿಸಿದವರು ಎಂಬ ಜಾಗದಲ್ಲಿ 8.8.8.8 ಎಂದೇ ಇರುವುದರಿಂದ ಲ್ಯಾಪ್‌ಟಾಪಿಗೆ ಗೊತ್ತಾಗುವುದಿಲ್ಲ.

ಇದನ್ನು ಪರೀಕ್ಷೆ ಮಾಡುವ ಒಂದು ಸುಲಭ ದಾರಿ ಇದೆ. 192.0.2.1 ಎಂಬ ವಿಳಾಸವನ್ನು ಪುಸ್ತಕ, ದಾಖಲೆಗಳಲ್ಲಿ ಉದಾಹರಣೆ ಕೊಡಲೆಂದೇ ಮೀಸಲಿಟ್ಟಿದ್ದಾರೆ. ಇಂಟರ್ನೆಟ್ಟಿನಲ್ಲಿ ಅಲ್ಲಿ ಯಾವ ಸರ್ವರೂ ಇಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಬರೆಯುವ ಕಪ್ಪು ಕಿಟಕಿ) ತೆರೆದು ಎನ್‌ಎಸ್‌ಲುಕಪ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಾಗಿ ಬರೆಯಿರಿ. ಒಂದು ಸ್ಪೇಸ್ ಬಿಟ್ಟು ಯಾವುದಾದರೂ ಸೈಟಿನ ಹೆಸರು, ಇನ್ನೊಂದು ಸ್ಪೇಸ್ ಬಿಟ್ಟು 192.0.2.1 ಎಂದು ಹಾಕಿ. ಅಲ್ಲಿಂದ ಉತ್ತರ ಬರಲೇಬಾರದು. ಬಂದರೆ, ದಾರಿಯಲ್ಲಿ ಯಾರೋ ಹಿಡಿದು ಉತ್ತರಿಸುತ್ತಿದ್ದಾರೆ ಎಂದು ಅರ್ಥ. ಆಗ 8.8.8.8, 1.1.1.1, 9.9.9.9 ಯಾವುದನ್ನು ಹಾಕಿದರೂ ಉತ್ತರ ಕೊಡುವವರು ಒಬ್ಬರೇ.

ಇಆರ್‌ಪಿ ಮಾಯವಾದದ್ದು ಬೇರೆ ಕಾರಣಕ್ಕೆ. ಅದರ ಹೆಸರು ಕಂಪನಿಯ ಸರ್ವರಿನಲ್ಲಿ ಮಾತ್ರ ಇದೆ. ಫೈರ್‌ವಾಲ್ ಆಗಲಿ ಗೂಗಲ್ ಆಗಲಿ, ಬೇರೆ ಯಾರನ್ನು ಕೇಳಿದರೂ 'ಅಂಥ ಹೆಸರೇ ಇಲ್ಲ' ಎನ್ನುತ್ತಾರೆ. ಅವರು ಹೇಳುವುದೂ ನಿಜವೇ.

ಈಗ ನೀವು ಎರಡನ್ನೂ ಇಟ್ಟುಕೊಂಡಿದ್ದೀರಿ, ಅಲ್ವಾ? ಇದು ಒಂದನ್ನೇ ಇಟ್ಟುಕೊಳ್ಳುವುದಕ್ಕಿಂತ ಕೆಟ್ಟದು. ಮೊದಲನೆಯದರಲ್ಲಿ ಹೆಸರು ಸಿಗದಿದ್ದರೆ ವಿಂಡೋಸ್ ಎರಡನೆಯದನ್ನು ಕೇಳುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಿಲ್ಲ. ಮೊದಲ ಸರ್ವರ್ 'ಇಲ್ಲ' ಎಂದರೆ ಅದೇ ಕೊನೆಯ ಮಾತು. ಎರಡನೆಯದನ್ನು ಕೇಳುವುದು ಮೊದಲನೆಯದು ಉತ್ತರವನ್ನೇ ಕೊಡದಿದ್ದಾಗ ಮಾತ್ರ. ಕಂಪನಿಯ ಸರ್ವರ್ ಒಂದೆರಡು ಸೆಕೆಂಡು ತಡವರಿಸಿತು ಎನ್ನಿ. ಲ್ಯಾಪ್‌ಟಾಪ್ 8.8.8.8 ಕಡೆ ತಿರುಗುತ್ತದೆ. ಇಆರ್‌ಪಿ ಇಲ್ಲ ಎಂದು ಅಲ್ಲಿಂದ ಉತ್ತರ ಬರುತ್ತದೆ. ಕೆಲವು ಸಲ ಸ್ವಲ್ಪ ಹೊತ್ತು ಆ ಎರಡನೇ ಸರ್ವರಿಗೇ ಅಂಟಿಕೊಳ್ಳುತ್ತದೆ. ಆಮೇಲೆ ತಾನಾಗಿ ವಾಪಸ್ ಬರುತ್ತದೆ. ನಿಮ್ಮ ಇಆರ್‌ಪಿ ಬಂದು ಹೋಗುವ ಆಟ ಇದೇ. ಎರಡು ಸಾಲಿನಲ್ಲಿರುವ ಸರ್ವರುಗಳು ಒಂದೇ ಉತ್ತರ ಕೊಡುವಂತಿರಬೇಕು. ಇಲ್ಲದಿದ್ದರೆ ಯಾವ ಹೊತ್ತಿಗೆ ಏನು ಕೆಡುತ್ತದೆ ಎಂದು ಹೇಳಲು ಬರುವುದಿಲ್ಲ.

ಆದ್ದರಿಂದ ಇವತ್ತೇ ಅಡಾಪ್ಟರ್ ಸೆಟ್ಟಿಂಗಿಗೆ ಹೋಗಿ, ಐಪಿ ಮತ್ತು ಡಿಎನ್‌ಎಸ್ ಎರಡನ್ನೂ 'ಆಟೊಮ್ಯಾಟಿಕ್' ಮಾಡಿ. 8.8.8.8 ತೆಗೆಯಿರಿ. ಆಮೇಲೆ ಐಪಿಕಾನ್ಫಿಗ್ ಕಮಾಂಡಿಗೆ ಸ್ಲಾಷ್ ಫ್ಲಶ್‌ಡಿಎನ್‌ಎಸ್ ಸೇರಿಸಿ ಓಡಿಸಿ, ಹಳೆಯ ನೆನಪು ಅಳಿಯುತ್ತದೆ. ಇಆರ್‌ಪಿ ಬಂದು ಹೋಗುವ ಆಟ ನಿಲ್ಲುತ್ತದೆ. ಮನೆಗೆ ಹೋದಾಗಲೂ ಏನೂ ಬದಲಿಸಬೇಕಿಲ್ಲ.

ಪೋರ್ಟಲ್: ಯಾವ ತರಹದ 'ಇಲ್ಲ' ಬಂತು?

ಹೆಸರು ಹುಡುಕುವುದು ಸೋಲುವುದರಲ್ಲಿ ಹಲವು ಬಗೆ ಇವೆ. ಎಲ್ಲವೂ ಬ್ರೌಸರಿನಲ್ಲಿ ಸುಮಾರು ಒಂದೇ ತರಹ ಕಾಣುತ್ತವೆ. ಅದಕ್ಕೇ ಬ್ರೌಸರ್ ಬಿಟ್ಟು ಎನ್‌ಎಸ್‌ಲುಕಪ್‌ನಲ್ಲಿ ಕೇಳಬೇಕು. ಪೋರ್ಟಲ್ ಹೆಸರಿನ ಕೊನೆಗೆ ಒಂದು ಚುಕ್ಕಿ ಇಡುವುದನ್ನು ಮರೆಯಬೇಡಿ. ಚುಕ್ಕಿ ಇಲ್ಲದಿದ್ದರೆ ವಿಂಡೋಸ್ ಕಂಪನಿಯ ಡೊಮೇನ್ ಹೆಸರನ್ನು ಬಾಲದಂತೆ ಸೇರಿಸಿ ಕೇಳಿ, ಗೊಂದಲದ ಉತ್ತರ ತರಬಹುದು. ಉತ್ತರದಲ್ಲಿ ಮೊದಲು 'ಸರ್ವರ್' ಎಂಬ ಸಾಲು ನೋಡಿ. ಉತ್ತರ ಕೊಟ್ಟವರು ಯಾರು ಎಂದು ಅದು ಹೇಳುತ್ತದೆ. ಆಮೇಲೆ ಉತ್ತರ ನೋಡಿ.

ನಿಮಗೆ ಬಂದ 'ನಾಟ್ ಪ್ರೈವೇಟ್' ಎಂಬುದು ಸರ್ಟಿಫಿಕೇಟ್ (ಸೈಟಿನ ಗುರುತುಪತ್ರ) ಎಚ್ಚರಿಕೆ. ಅಂದರೆ ಹೆಸರಿಗೆ ಯಾವುದೋ ಒಂದು ವಿಳಾಸ ಸಿಕ್ಕಿದೆ, ಬ್ರೌಸರ್ ಅಲ್ಲಿಗೆ ಹೋಗಿದೆ, ಅಲ್ಲಿರುವವರು ತಾವು ಪೋರ್ಟಲ್ ಎಂದು ಸಾಬೀತು ಮಾಡಲು ಆಗಿಲ್ಲ. ಕಂಪನಿಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಫಿಲ್ಟರ್. ತಡೆಯಬೇಕಾದ ಹೆಸರು ಕೇಳಿದಾಗ ಫಿಲ್ಟರ್ ನಿಜವಾದ ವಿಳಾಸದ ಬದಲು ತನ್ನ 'ಈ ಸೈಟಿಗೆ ಅನುಮತಿ ಇಲ್ಲ' ಎಂಬ ಪುಟದ ವಿಳಾಸ ಕೊಡುತ್ತದೆ. ಆ ಪುಟಕ್ಕೆ ಪೋರ್ಟಲ್‌ನ ಸರ್ಟಿಫಿಕೇಟ್ ಇರುವುದಿಲ್ಲ. ಹಾಗಾಗಿ ಬ್ರೌಸರ್ ಹೆದರಿಸುತ್ತದೆ, ನಿಮಗೆ ಆ ಪುಟ ಕಾಣುವುದೇ ಇಲ್ಲ. ಎನ್‌ಎಸ್‌ಲುಕಪ್ ಉತ್ತರದಲ್ಲಿ 10, 192.168 ಅಥವಾ 172.16ರಿಂದ 172.31ರವರೆಗಿನ ಅಂಕಿಯಿಂದ ಶುರುವಾಗುವ ವಿಳಾಸ, ಇಲ್ಲವೇ 0.0.0.0, 127.0.0.1 ಬಂದಿದ್ದರೆ ಅನುಮಾನವೇ ಬೇಡ. ಹೊರಗಿನ ಪೋರ್ಟಲ್‌ಗೆ ಇಂಥ ವಿಳಾಸ ಇರಲು ಸಾಧ್ಯವಿಲ್ಲ. ಕೆಲವು ಫಿಲ್ಟರ್ ಕಂಪನಿಗಳು ತಡೆಪುಟವನ್ನು ಹೊರಗಿನ ವಿಳಾಸದಲ್ಲೂ ಇಡುತ್ತವೆ. ಅಂಥಲ್ಲಿ ಮನೆಯಲ್ಲಿ ಬಂದ ಉತ್ತರದ ಜೊತೆ ಹೋಲಿಸಿ. ಆದರೆ ಎರಡು ಕಡೆ ವಿಳಾಸ ಬೇರೆಯಾದ ಮಾತ್ರಕ್ಕೆ ತಡೆ ಎಂದು ತೀರ್ಮಾನಿಸಬೇಡಿ. ದೊಡ್ಡ ಸೈಟುಗಳು ಹತ್ತಿರದ ಸರ್ವರ್ ನೋಡಿ ಬೇರೆ ಬೇರೆ ಕಡೆ ಬೇರೆ ವಿಳಾಸ ಕೊಡುವುದು ಮಾಮೂಲು.

ಎಚ್ಚರಿಕೆ ಬಂದಾಗ 'ಅಡ್ವಾನ್ಸ್‌ಡ್' ಒತ್ತಿ ಮುಂದೆ ಹೋಗಬೇಡಿ. ಕಂಪನಿಯಲ್ಲಿ ಅದು ನಿರುಪದ್ರವಿ ತಡೆಪುಟ ಇರಬಹುದು. ಆದರೆ ಅದೇ ಅಭ್ಯಾಸ ರೈಲ್ವೆ ಸ್ಟೇಷನ್ನಿನ, ಹೋಟೆಲಿನ ವೈಫೈನಲ್ಲೂ ಕೈಗೆ ಬಂದುಬಿಡುತ್ತದೆ. ಅಲ್ಲಿ ಪಾಸ್‌ವರ್ಡ್ ಹೋಗಬಹುದು.

ಹಾಗಾದರೆ ಫಿಲ್ಟರ್ ಒಂದು ಪ್ಯಾಕಿಂಗ್ ಕಂಪನಿಯ ಪೋರ್ಟಲ್ ಏಕೆ ತಡೆಯಬೇಕು? ನಿಮ್ಮ ಪತ್ರದಲ್ಲಿ 'ಹೋದ ತಿಂಗಳು ಹೊಸ ಪೋರ್ಟಲ್' ಎಂಬ ಮಾತಿದೆ. ನನ್ನ ಕಣ್ಣು ಅಲ್ಲೇ ನಿಂತಿತು. ಮೋಸದ ಸೈಟು ಮಾಡುವವರು ದಿನವೂ ಹೊಸ ಹೊಸ ಡೊಮೇನ್ ಕೊಳ್ಳುತ್ತಾರೆ, ಸ್ವಲ್ಪ ದಿನ ಉಪಯೋಗಿಸಿ ಬಿಸಾಡುತ್ತಾರೆ. ಅದಕ್ಕಾಗಿ ಬಹಳಷ್ಟು ಫಿಲ್ಟರುಗಳಲ್ಲಿ 'ಹೊಸದಾಗಿ ನೋಂದಾಯಿಸಿದ ಡೊಮೇನ್' ಎಂಬ ಒಂದು ವರ್ಗವೇ ಇದೆ. ಎಚ್ಚರಿಕೆಯ ಕಂಪನಿಗಳು ಅದನ್ನು ಪೂರ್ತಿ ತಡೆದಿಟ್ಟಿರುತ್ತವೆ. ನಿಮ್ಮ ಸಪ್ಲೈಯರ್ ಹೊಸ ಡೊಮೇನ್ ಕೊಂಡು ಪೋರ್ಟಲ್ ಇಟ್ಟಿದ್ದರೆ ಅದೂ ಆ ಬಲೆಗೆ ಬಿದ್ದಿರುತ್ತದೆ. ಜಿಎಸ್‌ಟಿ, ಜಿಮೇಲ್ ತೆರೆದು ಇದೊಂದೇ ನಿಲ್ಲುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಫೈರ್‌ವಾಲ್ ಎಲ್ಲ ಸೈಟುಗಳನ್ನೂ ಬಿಚ್ಚಿ ನೋಡುತ್ತಿದ್ದು, ಅದರ ಸರ್ಟಿಫಿಕೇಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲದಿದ್ದರೆ ಎಚ್ಚರಿಕೆ ಎಲ್ಲ ಕಡೆಯೂ ಬರಬೇಕಿತ್ತು.

ಎನ್‌ಎಸ್‌ಲುಕಪ್‌ನಲ್ಲಿ ನಾನು ಹೇಳಿದ ಉತ್ತರ ಬರದೆ ಬೇರೆ ಏನಾದರೂ ಬಂದರೆ ದಾರಿ ಬೇರೆಯಾಗುತ್ತದೆ.

'ನಾನ್-ಎಗ್ಸಿಸ್ಟೆಂಟ್ ಡೊಮೇನ್' ಎಂದರೆ ಸರ್ವರ್ ಖಚಿತವಾಗಿ ಅಂಥ ಹೆಸರಿಲ್ಲ ಎಂದಿದೆ. ಮನೆಯಲ್ಲಿ ಇದೆ, ಇಲ್ಲಿ ಇಲ್ಲ ಎಂದಾದರೆ ಕೆಲವು ಫಿಲ್ಟರುಗಳು ಹೀಗೆಯೂ ಸುಳ್ಳು ಹೇಳುತ್ತವೆ. ಇನ್ನೊಂದು ಕಾರಣ ಹಳೆಯ ನೆನಪು. 'ಇದೆ' ಎಂಬ ಉತ್ತರದಂತೆ 'ಇಲ್ಲ' ಎಂಬ ಉತ್ತರವನ್ನೂ ಸರ್ವರುಗಳು ನೆನಪಿಡುತ್ತವೆ. ಇದಕ್ಕೆ 1998ರ ಆರ್‌ಎಫ್‌ಸಿ 2308 ನಿಯಮ ಹಾಕಿದೆ. ಒಂದರಿಂದ ಮೂರು ಗಂಟೆ ನೆನಪಿಡುವುದು ಸರಿ ಎಂದು ಅದರ ಸಲಹೆ. ಸಪ್ಲೈಯರ್ ಹೆಸರು ಸಿದ್ಧ ಮಾಡುವ ಮೊದಲೇ ನಿಮ್ಮವರು ಯಾರೋ ಅದನ್ನು ತೆರೆಯಲು ನೋಡಿದ್ದರೆ ಕಂಪನಿಯ ಸರ್ವರ್ ಆ 'ಇಲ್ಲ' ಹಿಡಿದುಕೊಂಡಿರುತ್ತದೆ. ನೀವು ಎಷ್ಟು ಸಲ ಫ್ಲಶ್ ಮಾಡಿದರೂ ಅಳಿಯುವುದು ನಿಮ್ಮ ಲ್ಯಾಪ್‌ಟಾಪಿನ ನೆನಪು ಮಾತ್ರ, ಸರ್ವರಿನದಲ್ಲ. ಆದರೆ ಇದು ಕೆಲವು ಗಂಟೆಯ ಮಾತು, ತಿಂಗಳ ಮಾತಲ್ಲ.

'ಕ್ವೆರಿ ರೆಫ್ಯೂಸ್ಡ್' ಎಂದರೆ ಸರ್ವರ್ ಎದ್ದಿದೆ, ನಿಮಗೆ ಉತ್ತರ ಕೊಡಬಾರದು ಎಂಬ ನಿಯಮ ಅದರಲ್ಲಿದೆ. ತಪ್ಪು ವೈಫೈ ಸೇರಿಕೊಂಡು ಒಳಗಿನ ಸರ್ವರನ್ನು ಕೇಳಿದರೆ ಹೀಗಾಗುತ್ತದೆ.

'ಸರ್ವರ್ ಫೇಲ್ಡ್' ಎಂದರೆ ಸರ್ವರ್ ಪ್ರಯತ್ನಪಟ್ಟಿದೆ, ಉತ್ತರ ತರಲು ಆಗಿಲ್ಲ. ಮನೆಯಲ್ಲೂ ಹೀಗೇ ಬಂದರೆ ತಪ್ಪು ಸಪ್ಲೈಯರ್ ಕಡೆ. ಅವರು ಡೊಮೇನಿಗೆ ಡಿಎನ್‌ಎಸ್‌ಸೆಕ್ ಸಹಿ (ಡಿಎನ್‌ಎಸ್ ಉತ್ತರ ಅಸಲಿ ಎಂದು ತೋರಿಸುವ ಗುರುತು) ಹಾಕಿ ಅದನ್ನು ಹಾಳು ಮಾಡಿಕೊಂಡಿರಬಹುದು. ಕಂಪನಿಯಲ್ಲಿ ಮಾತ್ರ ಬಂದರೆ ಸರ್ವರಿನ ಗಡಿಯಾರ ತಪ್ಪಿದೆಯೇ ಎಂದು ಐಟಿಯವರು ನೋಡಬೇಕು. ಸಹಿಗೆ ಶುರುವಿನ ಮತ್ತು ಮುಗಿಯುವ ಸಮಯ ಇರುತ್ತದೆ. ಗಡಿಯಾರ ಬಹಳ ತಪ್ಪಿದ್ದರೆ ಸರಿಯಾದ ಸಹಿಯೂ ಸುಳ್ಳಾಗಿ ಕಾಣುತ್ತದೆ.

ಮೌನ, ಅಂದರೆ 'ಟೈಮ್ಡ್ ಔಟ್', ಎಲ್ಲಕ್ಕಿಂತ ಕಷ್ಟದ್ದು. ಯಾವ ಹೆಸರಿಗೂ ಉತ್ತರವಿಲ್ಲ ಎಂದರೆ ಸರ್ವರ್ ಬಿದ್ದಿದೆ ಅಥವಾ ಅದರ ದಾರಿ ಕಡಿದಿದೆ. ಕೆಲವೇ ಹೆಸರುಗಳಿಗೆ ಮೌನ ಎಂದರೆ ನನಗೆ ಮೊದಲು ನೆನಪಾಗುವುದು ಟಿಸಿಪಿ. ಟಿಸಿಪಿ, ಯುಡಿಪಿ ಎರಡೂ ನೆಟ್‌ವರ್ಕಿನಲ್ಲಿ ಮಾಹಿತಿ ಸಾಗಿಸುವ ವಿಧಾನಗಳು. ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ಯುಡಿಪಿಯಲ್ಲಿ ಹೋಗುತ್ತದೆ. ಮೂಲ ನಿಯಮದ ಪ್ರಕಾರ ಉತ್ತರಕ್ಕೆ ಸಿಗುವ ಜಾಗ 512 ಬೈಟ್. ಆಮೇಲೆ ಬಂದ ವಿಸ್ತರಣೆಯಿಂದ ಜಾಗ ಜಾಸ್ತಿಯಾಯಿತು. ಆದರೂ ಹಿಡಿಸದಷ್ಟು ದೊಡ್ಡ ಉತ್ತರ ಬಂದರೆ ಸರ್ವರ್ 'ಪೂರ್ತಿ ಹಿಡಿಸಲಿಲ್ಲ, ಟಿಸಿಪಿಯಲ್ಲಿ ಕೇಳು' ಎನ್ನುತ್ತದೆ. ಪೋರ್ಟ್ 53ರಲ್ಲಿ ಯುಡಿಪಿಗೆ ಮಾತ್ರ ದಾರಿ ಬಿಟ್ಟು ಟಿಸಿಪಿ ಮುಚ್ಚಿದ ಫೈರ್‌ವಾಲ್‌ಗಳು ಇನ್ನೂ ಇವೆ. ಅಂಥಲ್ಲಿ ಚಿಕ್ಕ ಉತ್ತರಗಳೆಲ್ಲ ಬರುತ್ತವೆ, ದೊಡ್ಡವು ಮಾತ್ರ ಬರುವುದಿಲ್ಲ. ಎಲ್ಲ ಸೈಟೂ ಸರಿ, ಇದೊಂದೇ ಇಲ್ಲ ಎಂದು ತಲೆ ಕೆಡುತ್ತದೆ. ದೊಡ್ಡ ಯುಡಿಪಿ ಉತ್ತರ ದಾರಿಯಲ್ಲಿ ತುಂಡಾಗಿ ಕಳೆದುಹೋಗುವುದೂ ಉಂಟು. ಅದಕ್ಕೇ 2020ರಲ್ಲಿ ಡಿಎನ್‌ಎಸ್ ನಡೆಸುವವರು ಸೇರಿ ಯುಡಿಪಿ ಉತ್ತರ 1232 ಬೈಟ್ ಮೀರದಿರಲಿ, ಮೀರಿದರೆ ಟಿಸಿಪಿ ಬಳಸೋಣ ಎಂದು ಶಿಫಾರಸು ಮಾಡಿದರು. ನಿಮ್ಮ ಐಟಿಯವರು ಟಿಸಿಪಿ 53 ಮುಚ್ಚಿದ್ದರೆ ಅದನ್ನು ತೆರೆಯಬೇಕು. ಇದರಲ್ಲಿ ಎರಡನೇ ಮಾತಿಲ್ಲ.

ಇನ್ನೊಂದು ಸಾಧ್ಯತೆ, ಎನ್‌ಎಸ್‌ಲುಕಪ್‌ನಲ್ಲಿ ಮನೆಯಲ್ಲಿ ಬಂದ ವಿಳಾಸವೇ ಬಂದು, ಪೋರ್ಟಲ್ ಮಾತ್ರ ತೆರೆಯದಿರುವುದು. ಆಗ ಡಿಎನ್‌ಎಸ್‌ನ ತಪ್ಪಿಲ್ಲ. ಫೈರ್‌ವಾಲ್ ಸಂಪರ್ಕ ಶುರುವಾಗುವಾಗ ಹೆಸರು ಓದಿ ತಡೆಯುತ್ತಿರಬಹುದು. ಪಿಂಗ್ (ಆ ವಿಳಾಸಕ್ಕೆ 'ಇದ್ದೀಯಾ' ಎಂದು ಕೇಳುವ ಕಮಾಂಡ್) ಮಾಡಿ ಉತ್ತರ ಬಂದಿಲ್ಲ ಎಂದು ತೀರ್ಮಾನಕ್ಕೆ ಬರಬೇಡಿ, ಪಿಂಗ್ ಅನ್ನು ಎಷ್ಟೋ ಕಡೆ ಬೇಕೆಂದೇ ಮುಚ್ಚಿರುತ್ತಾರೆ. ಬ್ರೌಸರಿಗೆ ಪ್ರಾಕ್ಸಿ (ನಡುವೆ ನಿಂತು ಸೈಟು ತಂದುಕೊಡುವ ಸರ್ವರ್) ಹಾಕಿದ್ದರೆ ಲೆಕ್ಕ ಇನ್ನೂ ಬೇರೆ. ಆಗ ಹೊರಗಿನ ಹೆಸರನ್ನು ಹುಡುಕುವುದು ಲ್ಯಾಪ್‌ಟಾಪ್ ಅಲ್ಲ, ಪ್ರಾಕ್ಸಿ ಸರ್ವರ್. ಎನ್‌ಎಸ್‌ಲುಕಪ್‌ನಲ್ಲಿ ಸೋತ ಹೆಸರು ಬ್ರೌಸರಿನಲ್ಲಿ ತೆರೆಯಬಹುದು. ಟಿಕೆಟ್‌ನಲ್ಲಿ ಪ್ರಾಕ್ಸಿ ಇದೆಯೋ ಇಲ್ಲವೋ ಬರೆಯಿರಿ.

ಫೋನು

ಆಂಡ್ರಾಯ್ಡ್ 9ರಿಂದ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಇದೆ. ಇದು ಪ್ರಶ್ನೆಯನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸುತ್ತದೆ, ಸಾಮಾನ್ಯವಾಗಿ ಪೋರ್ಟ್ 853ರಲ್ಲಿ. ಮೊಬೈಲ್ ಡೇಟಾದಲ್ಲಿ ಇದು ಒಳ್ಳೆಯದೇ. ಆದರೆ ನಿಮ್ಮ ಗೆಳೆಯ ಒಂದು ಸರ್ವರಿನ ಹೆಸರು ಬರೆದು ಕೊಟ್ಟಿದ್ದಾರೆ. ಹಾಗೆ ಬರೆದರೆ ಫೋನು ಅದನ್ನು ಬಿಟ್ಟು ಬೇರೆ ಯಾರನ್ನೂ ಕೇಳುವುದಿಲ್ಲ. ಗೆಸ್ಟ್ ವೈಫೈ 853 ಮುಚ್ಚಿದ್ದರೆ ಎಲ್ಲವೂ ನಿಲ್ಲುತ್ತದೆ. ಲಾಗಿನ್ ಪುಟ ಕೂಡ ಬರುವುದಿಲ್ಲ. ಸೆಟ್ಟಿಂಗಿನಲ್ಲಿ ಅದನ್ನು 'ಆಟೊಮ್ಯಾಟಿಕ್' ಮಾಡಿ. ಆಗ ಮುಚ್ಚಿದ ದಾರಿ ಇದ್ದರೆ ಅದನ್ನು ಬಳಸುತ್ತದೆ, ಇಲ್ಲದಿದ್ದರೆ ಸಾಮಾನ್ಯ ದಾರಿ ಹಿಡಿಯುತ್ತದೆ. ಒಂದು ನಿಮಿಷದ ಕೆಲಸ.

ಮಳೆಗಾಲ

ಇದನ್ನು ನೀವು ಕೊನೆಗೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ಆದರೆ ನಿಮ್ಮ ಕಾರ್ಖಾನೆಗೆ ಜಾಸ್ತಿ ನಷ್ಟ ಮಾಡುತ್ತಿರುವುದು ಇದೇ ಇರಬಹುದು.

ಗೋವಾದ ಬಹಳಷ್ಟು ಶಾಖೆಗಳಿಗೆ ಸ್ವಂತ ಡಿಎನ್‌ಎಸ್ ಸರ್ವರ್ ಇರುವುದಿಲ್ಲ. ಮುಂಬೈ ಅಥವಾ ಪುಣೆಯ ಹೆಡ್ ಆಫೀಸಿನ ಸರ್ವರನ್ನೇ ಕೊಟ್ಟಿರುತ್ತಾರೆ. ನಡುವೆ ಕಂಪನಿಯ ಲೀಸ್ಡ್ ಲೈನ್ (ಬಾಡಿಗೆಗೆ ಪಡೆದ ಖಾಸಗಿ ಲೈನ್) ಅಥವಾ ವಿಪಿಎನ್ (ಇಂಟರ್ನೆಟ್ ಮೂಲಕವೇ ಕಟ್ಟಿದ ಖಾಸಗಿ ದಾರಿ) ಇರುತ್ತದೆ. ಮಳೆಗೆ ಆ ಕೊಂಡಿ ಬಿದ್ದರೆ, ಇಲ್ಲಿನ ಇಂಟರ್ನೆಟ್ ಚೆನ್ನಾಗಿದ್ದರೂ ಹೆಸರು ಹೇಳುವವರು ಯಾರೂ ಇರುವುದಿಲ್ಲ. ಜಿಮೇಲ್ ವಿಳಾಸ ಕೇಳಲೂ ಮುಂಬೈಗೆ ಹೋಗಬೇಕು, ದಾರಿ ಕಡಿದಿದೆ. ಆಫೀಸಿಗೆ ಆಫೀಸೇ 'ನೆಟ್ ಹೋಯ್ತು' ಎನ್ನುತ್ತದೆ. ಆ ಹೊತ್ತಿಗೆ ವಾಟ್ಸಾಪ್ ಓಡುತ್ತಿದ್ದರೆ ಆಶ್ಚರ್ಯ ಬೇಡ. ಮೊದಲೇ ಆಗಿರುವ ಸಂಪರ್ಕಕ್ಕೆ ಮತ್ತೆ ಹೆಸರು ಹುಡುಕಬೇಕಿಲ್ಲ.

ಇವತ್ತು ನೆಟ್ ಸರಿ ಇರುವಾಗ 8.8.8.8ಗೆ ಪಿಂಗ್ ಮಾಡಿ ನೋಡಿ. ಉತ್ತರ ಬಂದರೆ ನಿಮ್ಮಲ್ಲಿ ಪಿಂಗ್ ಮುಚ್ಚಿಲ್ಲ ಎಂದು ತಿಳಿಯಿತು. ಐಪಿಕಾನ್ಫಿಗ್ ಸ್ಲಾಷ್ ಆಲ್ ಎಂದು ಕೊಟ್ಟು ನಿಮ್ಮ ಡಿಎನ್‌ಎಸ್ ಸರ್ವರಿನ ವಿಳಾಸ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಎಲ್ಲ ನಿಂತಾಗ ಎರಡನ್ನೂ ಪಿಂಗ್ ಮಾಡಿ. 8.8.8.8 ಉತ್ತರಿಸಿ, ಕಂಪನಿಯ ಸರ್ವರ್ ಉತ್ತರಿಸದಿದ್ದರೆ ಕಾರಣ ಸಿಕ್ಕಿತು. ಪರಿಹಾರವೂ ದುಬಾರಿಯಲ್ಲ. ವೆರ್ಣಾದಲ್ಲೇ ಒಂದು ಚಿಕ್ಕ ಡಿಎನ್‌ಎಸ್ ಸರ್ವರ್ ಇಟ್ಟು, ಕಂಪನಿಯ ಒಳಗಿನ ಹೆಸರುಗಳನ್ನು ಮಾತ್ರ ಮುಂಬೈಗೆ ಕಳಿಸಿ, ಉಳಿದದ್ದನ್ನು ಇಲ್ಲಿಂದಲೇ ಫಿಲ್ಟರ್ ಮೂಲಕ ಕೇಳುವಂತೆ ಮಾಡಬಹುದು. ಶಾಖೆಯ ಎಷ್ಟೋ ಫೈರ್‌ವಾಲ್‌ಗಳೇ ಈ ಕೆಲಸ ಮಾಡಬಲ್ಲವು. ನಾನು ನೋಡಿಕೊಳ್ಳುವ ಜಾಗಗಳಲ್ಲಿ ಇದನ್ನು ಮೊದಲು ಕೇಳಿ ಮಾಡಿಸುತ್ತೇನೆ.

ವಿಪಿಎನ್, ಹಾಸ್ಟ್ಸ್ ಫೈಲ್, ಹಾಟ್‌ಸ್ಪಾಟ್

ವಿಪಿಎನ್ ಹಾಕಿದರೆ ಪೋರ್ಟಲ್ ತೆರೆಯಬಹುದು. ಬ್ರೌಸರಿನ 'ಸೆಕ್ಯೂರ್ ಡಿಎನ್‌ಎಸ್' ಹಾಕಿದರೂ ತೆರೆಯಬಹುದು, ಅದು ಪೋರ್ಟ್ 443ರಲ್ಲಿ ಬೇರೆ ವೆಬ್ ಸಂಚಾರದ ಜೊತೆ ಬೆರೆತು ಹೋಗುತ್ತದೆ. ಆದರೂ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಎರಡೂ ಬೇಡ ಎನ್ನುತ್ತೇನೆ. ಕಾರಣ ಹೇಳುತ್ತೇನೆ. ಕಂಪ್ಯೂಟರಿಗೆ ಹೊಕ್ಕ ಕೆಟ್ಟ ಸಾಫ್ಟ್‌ವೇರ್ ತನ್ನ ಒಡೆಯನನ್ನು ಹುಡುಕುವುದು ಹೆಚ್ಚಾಗಿ ಡಿಎನ್‌ಎಸ್ ಮೂಲಕವೇ. ಫಿಲ್ಟರ್ ಅಲ್ಲೇ ಅದನ್ನು ಹಿಡಿಯುತ್ತದೆ. ನೀವು ಫಿಲ್ಟರ್ ದಾಟಿದರೆ ಒಂದು ಪೋರ್ಟಲ್‌ಗಾಗಿ ಆ ಕಾವಲನ್ನು ಪೂರ್ತಿ ತೆಗೆದಂತೆ. ಪುಕ್ಕಟೆ ವಿಪಿಎನ್ ನಡೆಸುವವರಿಗೆ ನೀವು ಎಲ್ಲೆಲ್ಲಿ ಹೋಗುತ್ತೀರಿ ಎಂಬುದು ಕಾಣುತ್ತದೆ, ಅವರು ಯಾರು ಎಂದು ನಿಮಗೆ ಗೊತ್ತಿಲ್ಲ. ನೌಕರಿಯ ಪ್ರಶ್ನೆಯೂ ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಐಟಿ ವ್ಯವಸ್ಥೆಗಳ ಲಾಗ್ ಅನ್ನು 180 ದಿನ ಇಟ್ಟುಕೊಳ್ಳಬೇಕು. ವಿಪಿಎನ್ ಸಂಪರ್ಕ ಅದರಲ್ಲಿ ಎದ್ದು ಕಾಣುತ್ತದೆ. ಆಡಿಟ್ ಸಮಯದಲ್ಲಿ ಸ್ಟೋರ್ಸ್‌ನ ಲ್ಯಾಪ್‌ಟಾಪಿನಿಂದ ಹೊರದೇಶಕ್ಕೆ ಗುಟ್ಟಿನ ಸಂಪರ್ಕ ಏಕೆ ಎಂದು ಕೇಳಿದರೆ, ಚಲನ್ ನೋಡಲು ಎಂದು ವಿವರಿಸುವ ಪರಿಸ್ಥಿತಿ ನಿಮಗೆ ಬರಬಾರದು.

ಹೆಸರು, ವಿಳಾಸ ಬರೆದಿಡಲು ಲ್ಯಾಪ್‌ಟಾಪಿನಲ್ಲೇ ಇರುವ ಹಾಸ್ಟ್ಸ್ ಫೈಲಿನಲ್ಲಿ ಪೋರ್ಟಲ್ ವಿಳಾಸ ಕೈಯಾರೆ ಬರೆಯುವುದು ಇನ್ನೊಂದು ಉಪಾಯ. ಅದಕ್ಕೆ ಅಡ್ಮಿನ್ ಅನುಮತಿ ಬೇಕು. ಸಪ್ಲೈಯರ್ ಸರ್ವರ್ ಬದಲಿಸಿದ ದಿನ ಪೋರ್ಟಲ್ ಮನೆಯಲ್ಲೂ ತೆರೆಯುವುದಿಲ್ಲ. ಆ ಹೊತ್ತಿಗೆ ಸಾಲು ಬರೆದದ್ದೇ ಮರೆತಿರುತ್ತದೆ. ಎನ್‌ಎಸ್‌ಲುಕಪ್ ಆ ಫೈಲ್ ನೋಡುವುದಿಲ್ಲ, ಹಾಗಾಗಿ ಪರೀಕ್ಷೆಯಲ್ಲೂ ಸಿಗುವುದಿಲ್ಲ. ನನಗೆ ಇದು ಇಷ್ಟವಿಲ್ಲ.

ತುರ್ತು ಇದ್ದಾಗ ನಿಮ್ಮ ಮ್ಯಾನೇಜರ್ ಮೇಲ್‌ನಲ್ಲಿ ಒಪ್ಪಿದರೆ ಹಾಟ್‌ಸ್ಪಾಟ್ ಬಳಸಿ. ಆಗ ಕಂಪನಿಯ ಕೇಬಲ್ ತೆಗೆದಿಡಿ, ಎರಡೂ ಒಟ್ಟಿಗೆ ಬೇಡ. ಇದು ಒಂದೆರಡು ದಿನಕ್ಕೆ ಸರಿ.

ಟಿಕೆಟ್ ಹೀಗೆ ಹಾಕಿ

ಪೋರ್ಟಲ್‌ಗೆ ಒಂದು ಟಿಕೆಟ್, ಮಳೆಗಾಲದ ತೊಂದರೆಗೆ ಬೇರೆ ಟಿಕೆಟ್. ಮೊದಲನೆಯದರಲ್ಲಿ ಪೋರ್ಟಲ್‌ನ ಪೂರ್ತಿ ಹೆಸರು, ನಿಮ್ಮ ಲ್ಯಾಪ್‌ಟಾಪಿನ ಐಪಿ, ನೋಡಿದ ದಿನ ಮತ್ತು ನಿಮಿಷದವರೆಗಿನ ಸಮಯ ಬರೆಯಿರಿ. ಸಮಯ ಸರಿ ಇದ್ದರೆ ಅವರು ಲಾಗ್‌ನಲ್ಲಿ ನಿಮ್ಮ ಪ್ರಶ್ನೆಯನ್ನೇ ಹುಡುಕಬಹುದು. ಕಂಪನಿಯಲ್ಲಿ ಬಂದ ಎನ್‌ಎಸ್‌ಲುಕಪ್ ಉತ್ತರ ಮತ್ತು ಮನೆಯಲ್ಲಿ ಬಂದ ಉತ್ತರ ಎರಡನ್ನೂ ಚಿತ್ರವಾಗಿ ಅಲ್ಲ, ಅಕ್ಷರವಾಗಿ ಕಾಪಿ ಮಾಡಿ ಹಾಕಿ. ಎಚ್ಚರಿಕೆ ಬಂದ ಪುಟದಲ್ಲಿ ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ ಎಂದು ನೋಡಿ ಅದನ್ನೂ ಬರೆಯಿರಿ. ಎಷ್ಟೋ ಸಲ ಅಲ್ಲಿ ಫೈರ್‌ವಾಲ್ ಕಂಪನಿಯ ಹೆಸರೇ ಇರುತ್ತದೆ. ನಂತರ ಒಂದು ನೇರ ಪ್ರಶ್ನೆ ಕೇಳಿ: 'ಈ ಡೊಮೇನ್ ನಮ್ಮ ಫಿಲ್ಟರಿನಲ್ಲಿ ಯಾವ ವರ್ಗದಲ್ಲಿದೆ? ಕೆಲಸಕ್ಕೆ ಬೇಕಾದ ಕಾರಣ ಇದನ್ನು ಅನುಮತಿ ಪಟ್ಟಿಗೆ ಸೇರಿಸಬಹುದೇ?' ನಿಮ್ಮ ಪರ್ಚೇಸ್ ಮ್ಯಾನೇಜರನ್ನು ಪ್ರತಿಯಲ್ಲಿ ಸೇರಿಸಿ. 8.8.8.8 ಹಾಕಿ ನೋಡಿದ್ದನ್ನೂ, ಈಗ ತೆಗೆದಿರುವುದನ್ನೂ ಹೇಳಿ. ಅವರ ಹೊತ್ತು ಉಳಿಯುತ್ತದೆ, ನಿಮ್ಮ ಮೇಲೆ ನಂಬಿಕೆಯೂ ಬರುತ್ತದೆ. ಇಂಥ ಟಿಕೆಟನ್ನು 'ನಮ್ಮ ಕಡೆ ಸರಿ ಇದೆ' ಎಂದು ಮುಚ್ಚುವುದು ಸುಲಭವಲ್ಲ.

ಸಪ್ಲೈಯರ್‌ಗೂ ಒಂದು ಫೋನ್ ಮಾಡಿ. ಡೊಮೇನ್ ಹೊಸದು ಎಂಬ ಕಾರಣಕ್ಕೆ ನಿಮ್ಮಲ್ಲಿ ನಿಂತಿದ್ದರೆ, ಅದೇ ಫಿಲ್ಟರ್ ಇರುವ ಅವರ ಬೇರೆ ಗಿರಾಕಿಗಳಲ್ಲೂ ನಿಂತಿರುತ್ತದೆ. ಡೊಮೇನಿನ ವರ್ಗ ತಪ್ಪಾಗಿದೆ, ಸರಿಪಡಿಸಿ ಎಂದು ಕೇಳಲು ದೊಡ್ಡ ಫಿಲ್ಟರ್ ಕಂಪನಿಗಳು ತಮ್ಮ ಸೈಟಿನಲ್ಲಿ ಅರ್ಜಿ ಇಟ್ಟಿವೆ. ಡೊಮೇನಿನ ಮಾಲೀಕರೇ ಅದನ್ನು ತುಂಬುವುದು ಒಳ್ಳೆಯದು. ಅಲ್ಲಿಯವರೆಗೆ ಹಳೆಯ ಡೊಮೇನಿನ ಕೆಳಗೇ ಪೋರ್ಟಲ್‌ಗೆ ಇನ್ನೊಂದು ಹೆಸರು ಕೊಡಲು ಆಗುತ್ತದಾ ಎಂದೂ ಕೇಳಿ. ಅವರ ಹಳೆಯ ವೆಬ್‌ಸೈಟ್ ನಿಮ್ಮ ಆಫೀಸಿನಲ್ಲಿ ತೆರೆಯುತ್ತಿದ್ದರೆ ಆ ಹೆಸರೂ ತೆರೆಯುವ ಸಾಧ್ಯತೆ ಜಾಸ್ತಿ.